ಲೋಕಲ್ ಪಾರ್ಟ್ನರ್ ಮತ್ತು ಹಾರ್ಮೋನಿಯಂ ಮೇಷ್ಟ್ರು

ಬೆಂಗಳೂರಿನ ಕಂಪನಿಗಳು ಹಳ್ಳಿ ಮಕ್ಕಳಿಗೆ ಕಲೆ ಕಲಿಸೋಕೆ ಹೊರಟಾಗ 'ಲೋಕಲ್ ಪಾರ್ಟ್ನರ್' ಅನ್ನೋ ಪದ ತಪ್ಪದೆ ಬರುತ್ತೆ. ಏನು ಕಲಿಸಬೇಕು, ಯಾರು ಕಲಿಸಬೇಕು, ಯಾವ ಶನಿವಾರ ಹೋಗಬೇಕು ಅನ್ನೋದೆಲ್ಲ ಮೀಟಿಂಗ್ ರೂಮಿನಲ್ಲೇ ತೀರ್ಮಾನ ಆಗಿರುತ್ತೆ. ಪಾರ್ಟ್ನರ್ ಪಾಲಿಗೆ ಉಳಿಯೋದು ಮಕ್ಕಳನ್ನು ಸೇರಿಸೋದು, ಶಾಲೆಯ ಬೀಗ ತೆಗೆಸೋದು, ಊಟಕ್ಕೆ ಹೇಳೋದು.

ನಮ್ಮ ಕೆಂಕೆರೆ, ಹುಳಿಯಾರು ಕಡೆ ನಾಟಕ ಕಲಿಸೋದು ಹೊಸದೇನಲ್ಲ. ಊರಿನವರು 'ಕುರುಕ್ಷೇತ್ರ' ಆಡಬೇಕು ಅಂದುಕೊಂಡರೆ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡ್ತಾರೆ. ತಿಂಗಳುಗಟ್ಟಲೆ ರಾತ್ರಿ ಹೊತ್ತು ಪ್ರಾಕ್ಟೀಸು. ಪಾತ್ರ ಮಾಡೋರೇ ದುಡ್ಡು ಹಾಕ್ತಾರೆ. ಕೃಷ್ಣ, ದುರ್ಯೋಧನನ ಪಾರ್ಟಿಗೆ ರೇಟು ಜಾಸ್ತಿ. ಓದು ಬರದವರೂ ಕಂದಪದ್ಯ ಕಂಠಪಾಠ ಮಾಡಿ ಹಾಡ್ತಾರೆ. ಅದಕ್ಕೂ ಹಳೆಯ ಮೂಡಲಪಾಯ ಯಕ್ಷಗಾನದಲ್ಲಿ ಭಾಗವತರೇ ಗುರು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ್ದೂ ಇದೇ ತುಮಕೂರು ಜಿಲ್ಲೆಯಲ್ಲಿ. ಇಂಥ ಊರಿಗೆ ಎರಡು ದಿನದ 'ಥಿಯೇಟರ್ ಎಕ್ಸ್‌ಪೋಷರ್' ತಗೊಂಡು ಹೋಗೋರು, ಅಲ್ಲಿ ಈಗಾಗಲೇ ಯಾರು ಕಲಿಸ್ತಿದ್ದಾರೆ ಅಂತ ಮೊದಲು ಕೇಳಬೇಕಲ್ವಾ?

ಕೇಳದೇ ಇರೋದಕ್ಕೆ ಕಾಗದಪತ್ರವೂ ಒಂದು ಕಾರಣ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಸಾಂಪ್ರದಾಯಿಕ ಕಲೆಗೂ ಅದರಲ್ಲಿ ಜಾಗ ಇದೆ. ಆದರೆ ಆ ಕೆಲಸ ಮಾಡಿಕೊಡೋ ಸಂಸ್ಥೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಫಾರಂ ತುಂಬಿ ನೋಂದಣಿ ಆಗಿರಬೇಕು. ಮೇಷ್ಟ್ರ ಹತ್ತಿರ ಲೆಟರ್‌ಹೆಡ್ಡೇ ಇರಲ್ಲ. ದುಡ್ಡು ಸೀದಾ ಸಿಟಿಯ ಎನ್‌ಜಿಓಗೆ ಹೋಗುತ್ತೆ, ತೀರ್ಮಾನ ಮಾಡೋ ಅಧಿಕಾರವೂ ಅದರ ಜೊತೆಗೇ ಹೋಗುತ್ತೆ. ಲೆಕ್ಕ ಕೇಳೋದು ಸರಿ. ಲೆಕ್ಕ ಇಡೋರೇ ಪಾಠವನ್ನೂ ನಿರ್ಧರಿಸಬೇಕು ಅಂತ ಯಾವ ಕಾನೂನೂ ಹೇಳಿಲ್ಲ.

ಹೆಗ್ಗೋಡು ನೋಡಿ. ನೀನಾಸಂ ಶುರುವಾಗಿದ್ದು 1949ರಲ್ಲಿ, ಅದರ ರಂಗಶಿಕ್ಷಣ ಕೇಂದ್ರ ಬಂದಿದ್ದು 1980ರಲ್ಲಿ. ನಡುವೆ ಮೂವತ್ತೊಂದು ವರ್ಷ. ಆಮೇಲೆ ಫೋರ್ಡ್ ಫೌಂಡೇಶನ್ ನೆರವಿನಲ್ಲಿ 'ಜನಸ್ಪಂದನ' ನಡೀತು. ದುಡ್ಡು ಹೊರಗಿನದು, ಕೆಲಸ ನಡೆಸಿದ್ದು ನೀನಾಸಂ. ಎಲ್ಲ ಊರಲ್ಲೂ ಕೆ.ವಿ. ಸುಬ್ಬಣ್ಣ ಇರ್ತಾರಾ ಅಂತ ಕೇಳಬಹುದು. ಇರಲ್ಲ, ನಿಜ. ಆದರೆ ಸುಬ್ಬಣ್ಣನವರಿಗೂ ಒಂದೇ ಕ್ವಾರ್ಟರ್‌ನಲ್ಲಿ ರಿಸಲ್ಟ್ ತೋರಿಸಿ ಅಂದಿದ್ದರೆ ಏನಾಗ್ತಿತ್ತು?

ಹಾಗಂತ ಊರಿನವರು ಮಾಡಿದ್ದೆಲ್ಲ ಸರಿ ಅನ್ನೋಕಾಗಲ್ಲ. ದುಡ್ಡು ಹಾಕೋರಿಗೆ ಪಾರ್ಟು ಅಂದಮೇಲೆ ಕೂಲಿ ಮಾಡೋರ ಮಗನಿಗೆ ಏನು ಸಿಗುತ್ತೆ? ಊರಿನ ಹೆಣ್ಣುಮಕ್ಕಳು ಚಾಪೆ ಮೇಲೆ ಕೂತು ನೋಡ್ತಾರೆ, ದ್ರೌಪದಿ ಪಾತ್ರಕ್ಕೆ ಹೊರಗಿಂದ ಕಲಾವಿದೆ ಬರ್ತಾರೆ. ಯಾವ ಕೇರಿಯ ಹುಡುಗ ಯಾವ ಪಾತ್ರ ಅನ್ನೋದರಲ್ಲೂ ಜಾತಿ ನುಸುಳುತ್ತೆ. ಹೊರಗಿನ ದುಡ್ಡಿಗೆ ನಿಜವಾದ ಕೆಲಸ ಇರೋದು ಇಲ್ಲೇ. ಪಾರ್ಟಿನ ರೇಟು ತೆಗೆಸಲಿ, ಹುಡುಗಿಯರಿಗೂ ಎಲ್ಲ ಕೇರಿಯ ಮಕ್ಕಳಿಗೂ ಪಾತ್ರ ಸಿಗಲಿ ಅಂತ ಷರತ್ತು ಹಾಕಲಿ. ಯಾವ ನಾಟಕ, ಯಾವ ಮೇಷ್ಟ್ರು, ಯಾವ ತಿಂಗಳು ಅನ್ನೋದನ್ನ ಊರಿಗೆ ಬಿಡಲಿ.

ನಮ್ಮ ಕಡೆ ಕಾಯಿ ಅಟ್ಟ ಸೇರಿದರೆ ಉಂಡೆ ಕೊಬ್ಬರಿ ಆಗೋಕೆ ವರ್ಷ ಹತ್ತಿರ ಬೇಕು. ನಡುವೆ ಯಾರೂ ಒಡೆದು ನೋಡಲ್ಲ. ನಿಮ್ಮ ಕಂಪನಿಯ ಮುಂದಿನ ಸಿಎಸ್‌ಆರ್ ಮೀಟಿಂಗ್‌ನಲ್ಲಿ ಹತ್ತು ಊರಿಗೆ ಎರಡೆರಡು ದಿನ ಅನ್ನೋ ಸ್ಲೈಡ್ ಬಂದರೆ, ಒಂದೇ ಊರಿಗೆ ಮೂರು ವರ್ಷ, ಮೇಷ್ಟ್ರಿಗೆ ತಿಂಗಳ ಸಂಬಳ ಅಂತ ಹೇಳಿ ನೋಡಿ. ಬಜೆಟ್ ಬಹುಶಃ ಅಷ್ಟೇ ಇರುತ್ತೆ. ಫೋಟೋ ಮಾತ್ರ ಕಮ್ಮಿ ಸಿಗುತ್ತೆ.