ಸರ್ವನಾಮ ಮತ್ತು ಸಾಮ್ರಾಜ್ಯ: ಲುಮುಂಬಾ ಭಾಷಣದ ಒಂದು ಓದು

1960ರ ಜೂನ್ 30ರಂದು ಲಿಯೋಪೋಲ್ಡ್‌ವಿಲ್‌ನಲ್ಲಿ (ಇಂದಿನ ಕಿನ್ಶಾಸಾ) ಕಾಂಗೋದ ಸ್ವಾತಂತ್ರ್ಯ ಸಮಾರಂಭ ನಡೆಯಿತು. ಬೆಲ್ಜಿಯಂ ದೊರೆ ಬೋದುವಾನ್ ಅವರು ಆ ಸ್ವಾತಂತ್ರ್ಯವನ್ನು ಎರಡನೆಯ ಲಿಯೋಪೋಲ್ಡ್ ಪ್ರತಿಭೆಯಿಂದ ಆರಂಭಿಸಿದ ಕಾರ್ಯದ ಫಲವೆಂದು ಬಣ್ಣಿಸಿದರು. ಅದೇ ಅರಸ 1885ರಿಂದ 1908ರವರೆಗೆ ಕಾಂಗೋವನ್ನು ಸ್ವಂತ ಆಸ್ತಿಯಂತೆ ಆಳಿದ್ದನು. ರಬ್ಬರಿಗಾಗಿ ಅಲ್ಲಿಯ ಜನರನ್ನು ಬಲವಂತದ ದುಡಿಮೆಗೆ ನೂಕಿದ್ದನು. ಕಾರ್ಯಕ್ರಮ ಪಟ್ಟಿಯಲ್ಲಿ ಹೆಸರಿಲ್ಲದ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಎದ್ದು ಉತ್ತರಿಸಿದರು. ಈ ಭಾಷಣವನ್ನು ರಾಜಕೀಯ ದಾಖಲೆಯಾಗಿ ಓದುವುದು ವಾಡಿಕೆ; ಅದನ್ನು ಪಠ್ಯವಾಗಿ ಓದುವುದು ನಮ್ಮ ಉದ್ದೇಶ.

ಮೊದಲು ಗಮನಿಸಬೇಕಾದುದು ಸಂಬೋಧನೆಯನ್ನು. ದೊರೆ ಎದುರಿಗಿದ್ದರೂ ಲುಮುಂಬಾ ಮಾತು ಆರಂಭಿಸಿದ್ದು ಕಾಂಗೋದ ಸ್ತ್ರೀಪುರುಷರನ್ನು, ಗೆದ್ದ ಹೋರಾಟಗಾರರನ್ನು ಉದ್ದೇಶಿಸಿ. ಸಾಮ್ರಾಜ್ಯದ ನೈತಿಕ ಮೇಲರಿಮೆ ನಿಂತಿರುವುದು ತಾನು ದಾನಿ ಎಂಬ ಕಲ್ಪನೆಯ ಮೇಲೆ. ಸ್ವಾತಂತ್ರ್ಯವು ಹೋರಾಟದಿಂದ ಪಡೆದುದೆಂದು ಸಾರಿದಾಗ, ದಾನಿಗೆ ಸಲ್ಲಬೇಕಾದ ಕೃತಜ್ಞತೆಯ ಪ್ರಶ್ನೆಯೇ ಉಳಿಯುವುದಿಲ್ಲ.

ಅನಂತರ ಅವಮಾನಗಳ ಪಟ್ಟಿ ಬರುತ್ತದೆ: ಕಸಿದುಕೊಂಡ ಭೂಮಿ, ಬಿಳಿಯರಿಗೊಂದು ಕರಿಯರಿಗೊಂದು ಕಾನೂನು. ಇವುಗಳ ಸಾಲಿನಲ್ಲಿಯೇ ಅವರು ಫ್ರೆಂಚ್ ಭಾಷೆಯ ಏಕವಚನವನ್ನೂ ಸೇರಿಸುತ್ತಾರೆ. ಕರಿಯನನ್ನು ‘ತು’ ಎಂದು ಕರೆದದ್ದು ಸ್ನೇಹದಿಂದಲ್ಲ; ‘ವೂ’ ಎಂಬ ಗೌರವರೂಪ ಬಿಳಿಯರಿಗೆ ಮೀಸಲಾಗಿದ್ದುದರಿಂದ. ಭೂಮಿ, ಕಾನೂನುಗಳಷ್ಟೇ ತೂಕವನ್ನು ಸರ್ವನಾಮಕ್ಕೂ ಕೊಟ್ಟಿರುವುದು ಈ ಪಠ್ಯದ ವೈಶಿಷ್ಟ್ಯವೆಂದು ನಾವು ಭಾವಿಸುತ್ತೇವೆ.

ಮಧ್ಯಕಾಲೀನ ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಇಲ್ಲೊಂದು ಸಂದೇಹ ಮೂಡುವುದು ಸಹಜ. ವಚನಕಾರರೂ ಹರಿದಾಸರೂ ದೈವವನ್ನೇ ‘ನೀನು’ ಎಂದರಲ್ಲವೆ? ಹಾಗಾದರೆ ಏಕವಚನದಲ್ಲಿ ತಾನಾಗಿ ಅವಮಾನವಿಲ್ಲ. ಭಕ್ತನ ಏಕವಚನ ಅಂತರವನ್ನು ಅಳಿಸುತ್ತದೆ. ಕೇಳಿಸಿಕೊಂಡವನು ಅದೇ ರೂಪದಲ್ಲಿ ಮರುನುಡಿಯಲಾರದ ಕಾರಣ ಆಳುವವನ ಏಕವಚನ ಅದೇ ಅಂತರವನ್ನು ಕಾಪಾಡುತ್ತದೆ.

ಲುಮುಂಬಾ ಅವರದು ಸಭಾಮರ್ಯಾದೆ ಮೀರಿದ ಮಾತೆಂಬ ಆಕ್ಷೇಪ ಅಂದೇ ಕೇಳಿಬಂದಿತು. ಆದರೆ ಅದೇ ಭಾಷಣ ಬೆಲ್ಜಿಯಂನೊಡನೆ ಸಮಾನರ ಸ್ನೇಹವನ್ನು ಒಪ್ಪುತ್ತದೆ. ಅಂದಿನ ಭೋಜನಕೂಟದಲ್ಲಿಯೂ ಅವರು ಸೌಹಾರ್ದದಿಂದಲೇ ಮಾತನಾಡಿದರು. ಅವರು ನಿರಾಕರಿಸಿದ್ದು ಮೇಲರಿಮೆಯನ್ನು, ಸಂಬಂಧವನ್ನಲ್ಲ. 1961ರ ಜನವರಿ 17ರಂದು ಕಟಾಂಗಾದಲ್ಲಿ ಅವರ ಹತ್ಯೆಯಾಯಿತು. ಅದರಲ್ಲಿ ತನ್ನ ನೈತಿಕ ಹೊಣೆಯನ್ನು ಒಪ್ಪಿ ಬೆಲ್ಜಿಯಂ ಸರ್ಕಾರ ಕ್ಷಮೆ ಕೋರಿದ್ದು 2002ರಲ್ಲಿ.

ಇಂಗ್ಲಿಷಿನ ಒಂದೇ ಸರ್ವನಾಮ ಈ ಭೇದವನ್ನು ಹೊರಲಾರದು. ಕನ್ನಡದ ‘ನೀನು’, ‘ನೀವು’ಗಳು ಹೊರಬಲ್ಲವು. ಮರಾಠಿ, ತೆಲುಗು, ತಮಿಳು, ಹಿಂದಿಗಳ ನಡುವೆ ಕೆಲಸಮಾಡುವ ಹೊರನಾಡಿನ ಸಂಶೋಧಕರು ಆಯಾ ಭಾಷೆಗಳಲ್ಲಿ ವಸಾಹತು ಕಾಲದ ಸಂಬೋಧನಾ ರೂಪಗಳನ್ನು ತೌಲನಿಕವಾಗಿ ಪರಿಶೀಲಿಸಿದರೆ ಈ ಓದು ಮುಂದುವರಿಯಬಹುದು.