ಹಿಂದಿನ ಸೀಟಿನಿಂದ ಅಳೆಯಬೇಕಾದ ಸವಾರಿ

ಗಂಡ ಹೆಂಡತಿ ಇಬ್ಬರೂ ಒಂದೇ ಬೈಕಿನಲ್ಲಿ ಟೆಂಟು, ಹಾಸಿಗೆ, ಒಲೆ, ನೀರು ಎಲ್ಲವನ್ನೂ ಹೇರಿಕೊಂಡು ಡಾಂಬರಿಲ್ಲದ ಹಾದಿಯಲ್ಲಿ ದಿನಗಟ್ಟಲೆ ಸಾಗುವುದು ಇಂದು ಹಿಮಾಚಲದ ಸ್ಪಿತಿಯಿಂದ ಲಡಾಖಿನವರೆಗೆ ಪ್ರತಿ ಬೇಸಿಗೆಯಲ್ಲೂ ಕಾಣುವ ನೋಟವಾಗಿದೆ. ಅಂಥ ಸವಾರರಲ್ಲಿ ಕರ್ನಾಟಕದವರೂ ಇದ್ದು, ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಿಸಿದ ಬೈಕನ್ನು ಬೆಂಗಳೂರಿನಿಂದ ರೈಲಿನ ಪಾರ್ಸೆಲ್‌ನಲ್ಲಿ ಉತ್ತರಕ್ಕೆ ಕಳಿಸಿ ಅಲ್ಲಿಂದ ಹೊರಡುವುದು ಅವರಲ್ಲಿ ಅನೇಕರ ಕ್ರಮ. ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 2016ರಲ್ಲಿ ಮಾರುಕಟ್ಟೆಗೆ ಬಂದು, 21 ಇಂಚಿನ ಮುಂಚಕ್ರ ಮತ್ತು 220 ಮಿಲಿಮೀಟರಿನ ನೆಲದಂತರವುಳ್ಳ ಬೈಕು ಮಧ್ಯಮವರ್ಗದ ಕೈಗೆಟುಕುವ ಬೆಲೆಯಲ್ಲಿ ದೊರೆತದ್ದು ಈ ರೂಢಿಗೆ ದೊಡ್ಡ ನೂಕುಬಲವನ್ನು ಕೊಟ್ಟಿತು. ಆದರೆ ಇಂಥ ಪ್ರವಾಸವನ್ನು ಮೆಚ್ಚುವಾಗಲೂ ತೆಗಳುವಾಗಲೂ ಲೆಕ್ಕಕ್ಕೆ ಬರುವುದು ದಾಟಿದ ಕಣಿವೆಗಳು, ಕ್ರಮಿಸಿದ ಕಿಲೋಮೀಟರುಗಳು ಮತ್ತು ಹ್ಯಾಂಡಲ್ ಹಿಡಿದವನ ಕೈಚಳಕ ಮಾತ್ರ. ಒಂಟಿ ಸವಾರಿಗೆ ಸಲ್ಲಬಹುದಾದ ಈ ಅಳತೆಗೋಲು ಇಬ್ಬರ ಸವಾರಿಗೆ ಸಲ್ಲುವುದಿಲ್ಲ. ಅದರ ಗುಣದೋಷಗಳು ನಿರ್ಣಯವಾಗುವುದು ಹಿಂದಿನ ಸೀಟಿನಲ್ಲಿ.

ಆ ಸೀಟನ್ನು ಕಾನೂನು ಒಂದು ರೀತಿಯಲ್ಲಿ ಕಲ್ಪಿಸಿಕೊಂಡರೆ ಕಾರ್ಖಾನೆ ಇನ್ನೊಂದು ರೀತಿಯಲ್ಲಿ ಕಲ್ಪಿಸಿಕೊಂಡಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವು ಹಿಂಬದಿ ಸವಾರರಿಗಾಗಿ ಕೈಹಿಡಿ, ಕಾಲೂರಲು ಫುಟ್‌ರೆಸ್ಟ್ ಹಾಗೂ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ತಡೆ ಇರಬೇಕೆಂದು ವಿಧಿಸುತ್ತದೆ. ಸೀರೆಯುಟ್ಟು ಪೇಟೆಗೆ ಹೊರಟ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿರುವ ಈ ನಿಯಮದ ಫಲವಾದ ಸ್ಯಾರಿ ಗಾರ್ಡನ್ನು ಸಾಹಸಿ ಸವಾರರು ಮೊದಲು ಬಿಚ್ಚಿ ಎಸೆಯುತ್ತಾರೆ. ಹಿಂದೆ ಕುಳಿತವರ ಕುರಿತು ಯಾರೋ ಯೋಚಿಸಿದ್ದರ ಏಕೈಕ ಕುರುಹು ಹಲವು ಬೈಕುಗಳಲ್ಲಿ ಅದೇ ಆಗಿರುತ್ತದೆ ಎಂಬುದು ಬೇರೆ ಮಾತು. ಕಾರ್ಖಾನೆಗಾದರೋ ಆ ವ್ಯಕ್ತಿ ಒಂದು ತೂಕ ಮಾತ್ರ. 2023ರಲ್ಲಿ ಬಂದ ಹಿಮಾಲಯನ್ 450ರ ಸ್ವಂತ ತೂಕ 196 ಕಿಲೋ, ಹೊರೆಸಹಿತ ಅನುಮತಿಸಿದ ಒಟ್ಟು ತೂಕ 394 ಕಿಲೋ. ಅಂದರೆ ಮನುಷ್ಯರೂ ಸಾಮಾನೂ ಸೇರಿ 198 ಕಿಲೋ ಹೇರಬಹುದು. ಹೆಲ್ಮೆಟ್ಟು, ಜಾಕೆಟ್ಟು, ಬೂಟುಗಳ ಸಮೇತ ಸವಾರ 83 ಕಿಲೋ, ಜೊತೆಗಾತಿ 67 ಕಿಲೋ ಎಂದಿಟ್ಟುಕೊಂಡರೆ ಉಳಿಯುವುದು 48 ಕಿಲೋ. ಕ್ರ್ಯಾಷ್ ಗಾರ್ಡು, ಕ್ಯಾರಿಯರ್ ಚೌಕಟ್ಟು, ಎರಡು ಲೋಹದ ಪೆಟ್ಟಿಗೆಗಳು ಬಟ್ಟೆಯೊಂದನ್ನೂ ತುಂಬುವ ಮೊದಲೇ ಅದರಲ್ಲಿ ಇಪ್ಪತ್ತು ಕಿಲೋದಷ್ಟನ್ನು ನುಂಗಿಬಿಡುವುದರಿಂದ, ಟೆಂಟು, ಹಾಸಿಗೆಚೀಲ, ಒಲೆ, ನೀರು, ಹತಾರ, ಪಂಕ್ಚರ್ ಸಾಮಾನು, ಡಬ್ಬಿಯ ಪೆಟ್ರೋಲು ಎಲ್ಲವೂ ಮಿಕ್ಕ ಇಪ್ಪತ್ತೆಂಟು ಕಿಲೋದೊಳಗೆ ಅಡಕವಾಗಬೇಕು. ಈ ಕೂಡು-ಕಳೆಯುವ ಲೆಕ್ಕವನ್ನು ಹೊರಡುವ ಮುನ್ನ ಕಾಗದದ ಮೇಲೆ ಬರೆದು ನೋಡುವವರು ಕಡಿಮೆ, ಮತ್ತು ಬರೆದವರಲ್ಲೂ ಪೆಟ್ಟಿಗೆಯನ್ನು ಕೈಬಿಟ್ಟು ಬಟ್ಟೆಯ ಚೀಲಗಳಿಗೆ ಒಪ್ಪಿಕೊಳ್ಳುವವರು ಇನ್ನೂ ಕಡಿಮೆ.

ತೂಕ ಎಷ್ಟು ಎಂಬುದಕ್ಕಿಂತ ಅದು ಎಲ್ಲಿ ಕುಳಿತಿದೆ ಎಂಬುದು ಕಚ್ಚಾಹಾದಿಯಲ್ಲಿ ಹೆಚ್ಚು ಮುಖ್ಯವಾಗುತ್ತದೆ. ಸವಾರ ಫುಟ್‌ರೆಸ್ಟಿನ ಮೇಲೆ ಎದ್ದುನಿಂತಾಗ ಅವನ ಭಾರ ಕೆಳಗೆ, ಬೈಕಿನ ನಡುಭಾಗಕ್ಕೆ ಇಳಿಯುತ್ತದೆ; ಹಿಂದೆ ಕುಳಿತವರ ಭಾರವಾದರೋ ಸೀಟಿನ ಎತ್ತರದಲ್ಲೇ, ಹಿಂಚಕ್ರದ ಅಚ್ಚಿನ ಹತ್ತಿರ ಉಳಿಯುತ್ತದೆ, ಅದರ ಬೆನ್ನಿಗೇ ಕಟ್ಟಿದ ಟೆಂಟಿನ ಗಂಟು ಅಚ್ಚನ್ನೂ ದಾಟಿ ಹಿಂದಕ್ಕೆ ಜೋಲುತ್ತದೆ. ಹಿಂಭಾರವಾದ ಎತ್ತಿನಗಾಡಿಯ ನೊಗ ಮೇಲೇಳುವಂತೆ ಬೈಕಿನ ಮುಂಚಕ್ರ ಹಗುರವಾಗಿ, ಮರಳಿನಲ್ಲೂ ಸಡಿಲ ಜಲ್ಲಿಯಲ್ಲೂ ಹ್ಯಾಂಡಲ್ ಹೇಳಿದ ಮಾತನ್ನು ಕೇಳದಂತಾಗುತ್ತದೆ. ಇದಕ್ಕೆ ಮೊದಲ ಪರಿಹಾರ ಪ್ರೀಲೋಡ್ ಹೆಚ್ಚಿಸುವುದು, ಅಂದರೆ ಹೊರೆ ಬೀಳುವ ಮೊದಲೇ ಹಿಂದಿನ ಸ್ಪ್ರಿಂಗನ್ನು ಇನ್ನಷ್ಟು ಒತ್ತಿ ಬಿಗಿ ಮಾಡಿಡುವುದು. ಹಿಮಾಲಯನ್ 450ರಲ್ಲಿ ಈ ಬಿಗಿತವನ್ನು ಹಿಂದೆ ಮಾತ್ರ ಹೊಂದಿಸಬಹುದು, ಮುಂದಿನ ಫೋರ್ಕಿಗೆ ಆ ಸೌಲಭ್ಯವಿಲ್ಲ. ಕಾರ್ಖಾನೆಯಿಂದ ಬಂದ ಹೊಂದಿಕೆಯಲ್ಲೇ ಇಬ್ಬರನ್ನೂ ಇಡೀ ಸಂಸಾರವನ್ನೂ ಹೇರಿಕೊಂಡು ಹೊರಟ ಬೈಕು ಮೊದಲ ಗುಂಡಿಯಲ್ಲೇ ಸಸ್ಪೆನ್ಷನ್ನಿನ ತಳ ಮುಟ್ಟುತ್ತದೆ, ಮತ್ತು ಆ ಹೊಡೆತ ಮೊದಲು ಬೀಳುವುದು ಹಿಂದಿನ ಸೀಟಿನವರ ಬೆನ್ನಿಗೆ. ಮುಂದಿರುವ ಗುಂಡಿಯನ್ನು ಕಾಣುವವನು ಮೊಣಕಾಲು ಮಡಿಸಿ ಸಿದ್ಧನಾಗುತ್ತಾನೆ. ಅವನ ಹೆಲ್ಮೆಟ್ಟಿನ ಹಿಂಭಾಗವನ್ನಷ್ಟೇ ಕಾಣುವವರಿಗೆ ಆ ಅವಕಾಶವಿಲ್ಲ. ಸಾಹಸದ ಚಿತ್ರಗಳು ಕ್ಯಾಮೆರಾವನ್ನು ಸವಾರನ ಹೆಲ್ಮೆಟ್ಟಿಗೆ ಅಂಟಿಸಿರುವ ತನಕ ಈ ವ್ಯತ್ಯಾಸ ನೋಡುಗರಿಗೆ ತಿಳಿಯುವಂತಿಲ್ಲ.

ಹಾದಿಯ ಆಯ್ಕೆಯಲ್ಲಿ ಈ ರೂಢಿಯ ದೌರ್ಬಲ್ಯ ಇನ್ನೂ ಸ್ಪಷ್ಟವಾಗುತ್ತದೆ. ಸ್ಪಿತಿಗೆ ಎರಡು ದಾರಿಗಳಿವೆ. ಮನಾಲಿಯಿಂದ ಹೊರಟು, 2020ರ ಅಕ್ಟೋಬರಿನಲ್ಲಿ ತೆರೆದ ಅಟಲ್ ಸುರಂಗವನ್ನು ಹಾದು, ಗ್ರಾಂಫೂ ಬಳಿ ಸ್ಪಿತಿಯ ದಾರಿ ಹಿಡಿದು ಚಂದ್ರಾ ನದಿಯ ದಂಡೆಯಲ್ಲಿ ಛತ್ರು, ಬಾತಲ್‌ಗಳನ್ನು ದಾಟಿ, ಸುಮಾರು 4,550 ಮೀಟರ್ ಎತ್ತರದ ಕುಂಜುಮ್ ಕಣಿವೆಯನ್ನು ಏರುವುದು ಒಂದು. ಶಿಮ್ಲಾದಿಂದ ಕಿನ್ನೌರಿನ ಮೂಲಕ ಕಲ್ಪಾ, ನಾಕೋ, ತಾಬೋಗಳಲ್ಲಿ ತಂಗುತ್ತ ಕಾಜಾ ಸೇರುವುದು ಇನ್ನೊಂದು. ಮೊದಲನೆಯದು ಕಡಿಮೆ ದಿನಗಳದ್ದೂ ಹೆಚ್ಚು ಒರಟಾದದ್ದೂ ಆದ್ದರಿಂದ ಅದಕ್ಕೇ ಮೆಚ್ಚುಗೆ ಹೆಚ್ಚು. ಆದರೆ ಸುಮಾರು 2,050 ಮೀಟರ್ ಎತ್ತರದ ಮನಾಲಿಯಲ್ಲಿ ಮಲಗೆದ್ದವರು ಅದೇ ಸಂಜೆ ಸುಮಾರು 4,250 ಮೀಟರ್ ಎತ್ತರದ ಚಂದ್ರತಾಲ್ ಸರೋವರದ ಬಳಿ ಟೆಂಟು ಹಾಕಿದರೆ, 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಯೊಂದಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬ ಪರ್ವತವೈದ್ಯದ ಎಚ್ಚರಿಕೆ ಒಂದೇ ದಿನದಲ್ಲಿ ಪೂರ್ತಿ ಗಾಳಿಗೆ ತೂರಿಹೋಗುತ್ತದೆ. ಅಷ್ಟೆತ್ತರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಶೇಕಡಾ ಅರವತ್ತರ ಆಸುಪಾಸಿಗೆ ಇಳಿಯುವುದರಿಂದ ಎಂಜಿನ್ನು ತನ್ನ ಬಲದ ಮೂರನೇ ಒಂದು ಪಾಲಿಗೂ ಮಿಕ್ಕಿ ಕಳೆದುಕೊಳ್ಳುತ್ತದೆ, ಇಬ್ಬರ ಶ್ವಾಸಕೋಶಗಳ ಪಾಡೂ ಅದೇ. ಬೈಕಿನ ಬಳಲಿಕೆ ಏರಿನಲ್ಲಿ ಗೇರು ಇಳಿಸಿದಾಗ ತಿಳಿಯುತ್ತದೆ. ಹಿಂದೆ ಅಲುಗಾಡದೆ ಕುಳಿತು ಚಳಿಗೆ ಬೇಗ ಸೆಡೆಯುವವರ ತಲೆನೋವು, ವಾಕರಿಕೆ ಅವರು ಬಾಯಿಬಿಟ್ಟು ಹೇಳಿದಾಗ ಮಾತ್ರ ತಿಳಿಯುತ್ತದೆ. ಗಂಡನ ಬಹುದಿನದ ಕನಸನ್ನು ಅರ್ಧದಲ್ಲಿ ಕೆಡಿಸಿದ ಅಪವಾದ ಬಂದೀತೆಂದು ಹೆಂಡತಿ ಅದನ್ನು ನುಂಗಿಕೊಳ್ಳುವ ಸಂಭವ ಇರುವವರೆಗೆ, ಕಿನ್ನೌರಿನ ನಿಧಾನದ ದಾರಿಯೇ ಉತ್ತಮವೆಂದು ಹೇಳಲು ಬೇರೆ ಕಾರಣ ಬೇಕಿಲ್ಲ. ಮಲೆನಾಡಿನ ಮಳೆಗಾಲದ ಜಾರುಮಣ್ಣಿನಲ್ಲಿ ಪಳಗಿದ ಕೈ ಹ್ಯಾಂಡಲಿಗೆ ಒದಗೀತು, ಎತ್ತರಕ್ಕೆ ಒದಗದು.

ಗ್ರಾಂಫೂ–ಬಾತಲ್ ಹಾದಿಯ ನಿಜವಾದ ಪರೀಕ್ಷೆ ನಾಲಾಗಳಲ್ಲಿದೆ. ಮೇಲಿನ ಹಿಮ ಕರಗಿ ರಸ್ತೆಗೆ ಅಡ್ಡಲಾಗಿ ಹರಿಯುವ ಈ ತೊರೆಗಳು ಬೆಳಗ್ಗೆ ಕಣಕಾಲು ಮುಳುಗುವಷ್ಟಿದ್ದು, ಬಿಸಿಲೇರಿದಂತೆ ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಮೀರಿ ಉಕ್ಕುತ್ತವೆ, ತಳದಲ್ಲಿರುವುದು ಬೋಳುಗುಂಡುಗಳು. ಹೊರೆಸಹಿತ 400 ಕಿಲೋದ ಹತ್ತಿರವಿರುವ ಬೈಕು ಅಲ್ಲಿ ವಾಲಿದರೆ ಒಂಟಿ ಕಾಲೂರಿ ಅದನ್ನು ತಡೆಯುವುದು ಆಗದ ಮಾತು, ಲೋಹದ ಪೆಟ್ಟಿಗೆಯಡಿ ಸಿಕ್ಕ ಕಾಲು ಮುರಿಯುವುದು ಆಗುವ ಮಾತು. ಇಂಥಲ್ಲಿ ಹಿಂದಿನವರು ಇಳಿದು, ನಡೆದು ನೀರಿನ ಆಳವನ್ನೂ ಕಲ್ಲಿನ ಜಾಡನ್ನೂ ಅಳೆದು, ಆಚೆ ದಡದಲ್ಲಿ ನಿಂತು ದಾರಿ ತೋರಿಸುವುದು ಅತ್ಯುತ್ತಮ ಕ್ರಮ. ಅನುಭವಿಗಳು ಇದನ್ನೇ ಮಾಡುತ್ತಾರೆ. ಉಳಿದವರು ಹೆಂಡತಿಯನ್ನು ಕೂರಿಸಿಕೊಂಡೇ ದಾಟಿದ್ದನ್ನು ಹೆಚ್ಚುಗಾರಿಕೆಯೆಂದು ಎಣಿಸುತ್ತಾರೆ. ಇಳಿಯುವ ನಿರ್ಧಾರ ಯಾರದು ಎಂಬ ಪ್ರಶ್ನೆಯೇ ಇಲ್ಲಿ ತೂಕದ್ದು. ಅದು ಸವಾರನ ಅನುಮತಿಯಾಗಿ ಉಳಿದಿದ್ದರೆ ಆ ಜೋಡಿ ಇನ್ನೂ ಕಲಿತಿಲ್ಲ. ಹೆಗಲನ್ನು ಎರಡು ಸಲ ತಟ್ಟಿದರೆ ಮರುಮಾತಿಲ್ಲದೆ ಬೈಕು ನಿಲ್ಲಬೇಕು ಎಂಬ ಕರಾರು ಇದ್ದರೆ ಅರ್ಧ ಅಪಾಯ ಕಳೆದಂತೆ. ಹೆಲ್ಮೆಟ್ಟಿನೊಳಗಿನ ಇಂಟರ್‌ಕಾಮ್ ಈ ಕೆಲಸಕ್ಕೆ ಉತ್ತಮವೆಂದು ಮಾರಾಟಗಾರರು ಹೇಳುತ್ತಾರಾದರೂ, ಕಲ್ಲುಗಳ ನಡುವೆ ಗಮನವಿಟ್ಟವನ ಕಿವಿಯಲ್ಲಿ ಮಾತು ಹರಿಯುತ್ತಿರುವುದು ಉಪಕಾರವೇನಲ್ಲ.

ಇತಿಹಾಸದಲ್ಲಿ ಈ ಪ್ರಶ್ನೆಗೆ ಹೆಚ್ಚು ಪ್ರೌಢವಾದ ಉತ್ತರವೊಂದಿದೆ. 1934ರ ಡಿಸೆಂಬರಿನಲ್ಲಿ ಲಂಡನ್ನಿನಿಂದ ಹೊರಟು ಸಹಾರಾ ಮರುಭೂಮಿಯನ್ನು ದಾಟಿ 1935ರ ಜುಲೈಯಲ್ಲಿ ಕೇಪ್‌ಟೌನ್ ತಲುಪಿದ ಥೆರೆಸಾ ವಾಲಾಕ್ ಮತ್ತು ಫ್ಲಾರೆನ್ಸ್ ಬ್ಲೆಂಕಿರನ್ ಎಂಬ ಇಬ್ಬರು ಮಹಿಳೆಯರು 600 ಸಿಸಿಯ ಪ್ಯಾಂಥರ್ ಬೈಕಿಗೆ ಸೈಡ್‌ಕಾರನ್ನೂ ಹಿಂದೊಂದು ಟ್ರೇಲರನ್ನೂ ಕಟ್ಟಿಕೊಂಡಿದ್ದರು. ಹೊರೆಗೆ ಪ್ರತ್ಯೇಕ ಚಕ್ರ, ಜೊತೆಗಾರ್ತಿಗೆ ಪ್ರತ್ಯೇಕ ಆಸನ, ಇಬ್ಬರಿಗೂ ಸವಾರಿಯ ವಿದ್ಯೆ: ಇದು ಅವರ ವ್ಯವಸ್ಥೆ. ಮರಳಿನಲ್ಲಿ ಆ ಟ್ರೇಲರು ಕೊಟ್ಟಿರಬಹುದಾದ ಕಾಟವನ್ನು ಒಪ್ಪಿಕೊಂಡರೂ, ಒಬ್ಬರು ಕಾಯಿಲೆ ಬಿದ್ದರೆ ಇನ್ನೊಬ್ಬರು ಬೈಕು ನಡೆಸಬಲ್ಲರು ಎಂಬ ಭದ್ರತೆ ಇಂದಿನ ಎಷ್ಟು ಜೋಡಿಗಳಿಗಿದೆ ಎಂದು ಕೇಳಬೇಕಾಗುತ್ತದೆ. ಮನಾಲಿಗೂ ಕಾಜಾಕ್ಕೂ ನಡುವಿನ ಸುಮಾರು 200 ಕಿಲೋಮೀಟರಿನಲ್ಲಿ ಪೆಟ್ರೋಲ್ ಬಂಕೂ ಇಲ್ಲ, ದೊಡ್ಡ ಆಸ್ಪತ್ರೆಯೂ ಇಲ್ಲ. ಬೈಕು ಓಡಿಸಬಲ್ಲವರು ಒಬ್ಬರೇ ಆಗಿದ್ದರೆ ಆ ಒಬ್ಬರ ಮಣಿಕಟ್ಟು ಉಳುಕಿದೊಡನೆ ಇಬ್ಬರ ಪ್ರಯಾಣವೂ ನಿಲ್ಲುತ್ತದೆ.

ಇನ್ನು ಟೆಂಟಿನ ವಿಷಯ. ಅದನ್ನು ಹೊತ್ತೊಯ್ಯುವುದಕ್ಕೆ ಒಂದೇ ಸಮರ್ಥನೆಯಿದೆ: ಬೇಕೆಂದಲ್ಲಿ ನಿಂತು ದಿನವನ್ನು ಮೊಟಕುಗೊಳಿಸಬಹುದು. ಛತ್ರುವಿನಿಂದ ಕುಂಜುಮ್ ಆಚೆಯ ಲೋಸರ್‌ವರೆಗೆ ಊರುಗಳಿಲ್ಲ, ಬೇಸಿಗೆಯ ಢಾಬಾಗಳಷ್ಟೇ ಇವೆ. ಮಧ್ಯಾಹ್ನ ಉಕ್ಕಿದ ಎರಡು ನಾಲಾಗಳ ನಡುವೆ ಸಿಕ್ಕವರಿಗೆ ಟೆಂಟು ಮರುದಿನ ಬೆಳಗಿನವರೆಗೆ ಕಾಯುವ ಧೈರ್ಯವನ್ನು ಕೊಡುತ್ತದೆ. ಆ ಧೈರ್ಯಕ್ಕಾಗಿ ಮೂರು ಕಿಲೋ ತೂಕ ಹೆಚ್ಚಲ್ಲ. ಆದರೆ ಕತ್ತಲಾಗುವ ಮುನ್ನ ಇಂತಿಷ್ಟು ದೂರ ಮುಟ್ಟಲೇಬೇಕೆಂಬ ಹಟವನ್ನೂ ಇಟ್ಟುಕೊಂಡು ಟೆಂಟನ್ನೂ ಹೊತ್ತವರಿಗೆ ಅದು ಬರೀ ಅಲಂಕಾರ. ಲೋಸರ್ ದಾಟಿದ ಮೇಲಂತೂ ಹಳ್ಳಿಹಳ್ಳಿಯಲ್ಲೂ ಹೋಂಸ್ಟೇಗಳಿದ್ದು, ಮನೆಯ ಒಲೆಯ ಬಿಸಿಯೂ ಊಟವೂ ದೊರೆಯುವಾಗ ಗದ್ದೆಯಂಚಿನಲ್ಲಿ ಟೆಂಟು ಬಿಡಿಸಿ ಪೊಟ್ಟಣದ ನೂಡಲ್ಸ್ ಬೇಯಿಸುವುದು ಆ ಊರಿನವರ ಪುಟ್ಟ ಆದಾಯವನ್ನು ತಪ್ಪಿಸುವ ಕೆಲಸವೂ ಹೌದು. 2005ರಿಂದ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿಯಲ್ಲಿರುವ ಚಂದ್ರತಾಲ್‌ನ ದಡದಲ್ಲಿ ಟೆಂಟು ಹಾಕುವುದಕ್ಕೆ ನಿಷೇಧವಿದ್ದು, ತಂಗುವ ಜಾಗ ದೂರದಲ್ಲಿದೆ. ನಿಷೇಧ ಕಠಿಣವೆಂದು ಗೊಣಗುವವರು ಶೀತ ಮರುಭೂಮಿಯ ತೆಳುಹುಲ್ಲಿನ ಮೇಲೆ ಒಮ್ಮೆ ಬಿದ್ದ ಚಕ್ರದ ಗುರುತು ಎಷ್ಟು ಕಾಲ ಮಾಸದೆ ಉಳಿಯುತ್ತದೆಂದು ಗಮನಿಸಿದವರಲ್ಲ. ಆಫ್‌ರೋಡ್ ಎಂದರೆ ಡಾಂಬರಿಲ್ಲದ ರಸ್ತೆಯೇ ಹೊರತು ರಸ್ತೆಯಿಲ್ಲದ ನೆಲವಲ್ಲ.

ಹೊರೆ, ಎತ್ತರ, ಇಬ್ಬರ ಹಿತ ಇವೆಲ್ಲವನ್ನೂ ಏಕಕಾಲಕ್ಕೆ ಗೌರವಿಸುವ ಕ್ರಮವೂ ಸ್ಪಿತಿಯಲ್ಲೇ ಇದೆ. ಕಿನ್ನೌರಿನ ದಾರಿಯಿಂದ ಮೆಲ್ಲಗೆ ಏರಿ ಬಂದು, ಕಾಜಾದ ಕೋಣೆಯೊಂದರಲ್ಲಿ ಪೆಟ್ಟಿಗೆ, ಟೆಂಟುಗಳನ್ನೆಲ್ಲ ಇಳಿಸಿಟ್ಟು, ನೀರು, ಬೆಚ್ಚನೆಯ ಬಟ್ಟೆ, ಪಂಕ್ಚರ್ ಸಾಮಾನನ್ನಷ್ಟೇ ಹಿಡಿದು ಲಾಂಗ್ಜಾ, ಹಿಕ್ಕಿಂ, ಕೋಮಿಕ್‌ಗಳ ಕಚ್ಚಾಹಾದಿಗಳನ್ನು ಹಗಲಿನಲ್ಲಿ ಏರಿ ಸಂಜೆಗೆ ಹಿಂತಿರುಗುವುದು ಆ ಕ್ರಮ. ಹಾದಿಯ ಒರಟುತನ ಅಲ್ಲೇನೂ ಕಡಿಮೆಯಿಲ್ಲ, ಹಿಂಚಕ್ರದ ಮೇಲಿನ ಹೊರೆ ಮಾತ್ರ ಕಡಿಮೆಯಾಗಿರುತ್ತದೆ; ಸಮತಟ್ಟಾದ ಬಯಲು ಸಿಕ್ಕಲ್ಲಿ ಹ್ಯಾಂಡಲನ್ನು ಜೊತೆಗಾತಿಯ ಕೈಗೆ ಕೊಟ್ಟು ಕಲಿಸುವುದಕ್ಕೂ ಆ ಹಗುರವಾದ ಬೈಕೇ ತಕ್ಕದ್ದು. ಸಾಹಸದ ಪಟ್ಟಿಗಳಲ್ಲಿ ಇಂಥ ಪ್ರವಾಸಕ್ಕೆ ಸದ್ಯಕ್ಕೆ ಸ್ಥಾನವಿಲ್ಲ.