ಪ್ರಕಟಿತ ಲೇಖನಗಳ ಹಿಂತೆಗೆತ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯು ನಮ್ಮಲ್ಲಿ ರೂಢವಾಗಿದೆ. ಲೋಕವ್ಯವಹಾರದಲ್ಲಿ ಇದು ನಿಜವಿರಬಹುದು. ಆದರೆ ವಿದ್ವತ್ಪತ್ರಿಕೆಗಳ ಸಂಪಾದಕರು ಇದನ್ನು ನೆಮ್ಮಿ ಸುಮ್ಮನಿರುವಂತಿಲ್ಲ. ತಾವು ಅಚ್ಚುಮಾಡಿದ ಮಾತು ಹುಸಿಯೆಂದು ತಿಳಿದುಬಂದಾಗ ಅದನ್ನು ಬಹಿರಂಗವಾಗಿ ಮರಳಿ ಪಡೆಯತಕ್ಕ ಹೊಣೆಯು ಅವರ ಮೇಲಿರುತ್ತದೆ. ಈ ಮರಳಿ ಪಡೆಯುವಿಕೆಯೂ ಒಂದು ಬಗೆಯ ಬರವಣಿಗೆಯೇ. ಆದುದರಿಂದ ಉಳಿದ ಬರವಣಿಗೆಯಂತೆ ಇದೂ ವಿಮರ್ಶೆಗೆ ಒಳಪಡತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಇದರಲ್ಲಿ ಮೂರು ಮೆಟ್ಟಿಲುಗಳಿವೆ. ಅಂಕಿಯೋ ಹೆಸರೋ ತಪ್ಪಿದ್ದು, ಲೇಖನದ ತಿರುಳಿಗೆ ಊನವಿಲ್ಲದಿದ್ದರೆ ತಿದ್ದುಪಡಿ ಸಾಕು. ಇದು ನಮ್ಮ ಗ್ರಂಥಗಳ ಕೊನೆಯ ಒಪ್ಪೋಲೆಯಂಥದು. ತಿರುಳಿನಲ್ಲಿಯೇ ಶಂಕೆ ಹುಟ್ಟಿ, ವಿಚಾರಣೆಯು ಮುಗಿಯದಿದ್ದಾಗ ಸಂದೇಹಸೂಚನೆಯನ್ನು ಹಾಕುತ್ತಾರೆ. ತಿರುಳೇ ನಂಬತಕ್ಕುದಲ್ಲವೆಂದು ಖಚಿತವಾದಾಗ ಹಿಂತೆಗೆತ. ಹಿಂತೆಗೆದ ಲೇಖನವನ್ನು ಸಾಮಾನ್ಯವಾಗಿ ನಾಶಮಾಡುವುದಿಲ್ಲ. ಹಿಂತೆಗೆಯಲಾಗಿದೆ ಎಂಬ ಗುರುತನ್ನೊತ್ತಿ ಭಂಡಾರದಲ್ಲಿಯೇ ಇಡುತ್ತಾರೆ. ಅದರ ಮೇಲೆ ತಮ್ಮ ಕಟ್ಟಡವನ್ನು ಎಬ್ಬಿಸಿದವರು ಅಡಿಪಾಯವು ಎಲ್ಲಿ ಕುಸಿಯಿತೆಂಬುದನ್ನು ಕಾಣಬೇಕಷ್ಟೆ. ಇಂಗ್ಲೆಂಡಿನಲ್ಲಿ 1997ರಲ್ಲಿ ಸಂಪಾದಕರು ಕೂಡಿ ಕಟ್ಟಿದ ಪ್ರಕಟನನೀತಿ ಸಮಿತಿಯು 2009ರಲ್ಲಿ ಇದಕ್ಕೆ ವಿಧಿಗಳನ್ನು ಗೊತ್ತುಮಾಡಿತು. ಹಿಂತೆಗೆಯುವವರು ಯಾರು, ಕಾರಣವೇನು ಎಂಬುದನ್ನು ಸೂಚನೆಯಲ್ಲಿ ಹೇಳಬೇಕು. ಅರಿಯದೆ ಆದ ತಪ್ಪನ್ನೂ ಬುದ್ಧಿಪೂರ್ವಕವಾದ ಮೋಸವನ್ನೂ ಬೇರ್ಪಡಿಸಬೇಕು ಎಂಬುದು ಅವುಗಳ ಸಾರ.

ಈ ಒರೆಗಲ್ಲಿಗೆ ಒಂದು ಪ್ರಸಿದ್ಧ ಸೂಚನೆಯನ್ನು ಹಚ್ಚಿ ನೋಡೋಣ. ಲಂಡನ್ನಿನ 'ಲ್ಯಾನ್ಸೆಟ್' 1823ರಲ್ಲಿ ಹುಟ್ಟಿದ, ವೈದ್ಯಲೋಕದಲ್ಲಿ ಬಹು ಮಾನ್ಯವಾದ ಪತ್ರಿಕೆ. 1998ರ ಫೆಬ್ರವರಿಯಲ್ಲಿ ಅದು ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಹನ್ನೆರಡು ಮಂದಿ ಸಹಲೇಖಕರ ಪ್ರಬಂಧವೊಂದನ್ನು ಪ್ರಕಟಿಸಿತು. ಪರೀಕ್ಷಿಸಿದ್ದು ಹನ್ನೆರಡೇ ಮಕ್ಕಳನ್ನು. ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಕೂಡಿ ಹಾಕುವ ಲಸಿಕೆಗೂ ಆಟಿಸಂ ಎಂಬ ಬೆಳವಣಿಗೆಯ ವೈಕಲ್ಯಕ್ಕೂ ನಂಟಿರಬಹುದೆಂಬ ಶಂಕೆಯನ್ನು ಅದು ಬಿತ್ತಿತು. ತಾಯಿತಂದೆಗಳು ಬೆದರಿದರು. ಇಂಗ್ಲೆಂಡಿನಲ್ಲಿ ನೂರಕ್ಕೆ ತೊಂಬತ್ತರ ಮೇಲಿದ್ದ ಲಸಿಕೆಯ ಪ್ರಮಾಣವು ಕೆಲವೇ ವರ್ಷಗಳಲ್ಲಿ ಸುಮಾರು ಎಂಬತ್ತಕ್ಕೆ ಇಳಿಯಿತು. 2008ರಲ್ಲಿ ದಡಾರವು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಮರಳಿ ನೆಲೆಯೂರಿತೆಂದು ಸಾರಬೇಕಾಯಿತು.

2004ರಲ್ಲಿ ಬ್ರಯನ್ ಡೀರ್ ಎಂಬ ಪತ್ರಿಕೋದ್ಯಮಿಯು ಲೇಖಕನಿಗೆ ವಕೀಲರಿಂದ ಹಣ ಸಂದಿದ್ದುದನ್ನು ಬಯಲಿಗೆಳೆದನು. ಅದೇ ವರ್ಷ ಸಹಲೇಖಕರಲ್ಲಿ ಹತ್ತು ಮಂದಿ ಪ್ರಬಂಧದ ವ್ಯಾಖ್ಯಾನಭಾಗವನ್ನು ಮಾತ್ರ ಹಿಂತೆಗೆದುಕೊಂಡರು. ಇಡಿಯ ಪ್ರಬಂಧದ ಹಿಂತೆಗೆತವಾದುದು 2010ರ ಫೆಬ್ರವರಿ 2ರಂದು, ಹನ್ನೆರಡು ವರ್ಷಗಳ ಮೇಲೆ.

ಆ ಸೂಚನೆಯು ಮೂರೇ ವಾಕ್ಯಗಳದು. ಬ್ರಿಟಿಷ್ ವೈದ್ಯಮಂಡಲಿಯು ಜನವರಿ 28ರಂದು ಕೊಟ್ಟ ತೀರ್ಪನ್ನು ಅದು ಆಧಾರವಾಗಿ ಹಿಡಿಯುತ್ತದೆ. ಮಕ್ಕಳು ಆಸ್ಪತ್ರೆಗೆ ಸಾಲಾಗಿ ತಾವಾಗಿಯೇ ಬಂದವರೆಂಬುದೂ ನೀತಿಸಮಿತಿಯ ಒಪ್ಪಿಗೆ ದೊರೆತಿದ್ದಿತೆಂಬುದೂ ಸುಳ್ಳೆಂದು ಹೇಳಿ, ಪ್ರಬಂಧವನ್ನು ಹಿಂತೆಗೆಯುತ್ತದೆ. ಇಷ್ಟರಲ್ಲಿ ನಿಖರತೆಯಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಮಗುವನ್ನು ಕಂಕುಳಲ್ಲಿಟ್ಟುಕೊಂಡ ತಾಯಿಯು ಕೇಳುವ ಪ್ರಶ್ನೆ ಬೇರೆ. ಲಸಿಕೆಯ ಮೇಲೆ ಹೊರಿಸಿದ ಅಪವಾದದ ಗತಿಯೇನು ಎಂಬುದಕ್ಕೆ ಸೂಚನೆಯಲ್ಲಿ ಒಂದಕ್ಷರದ ಉತ್ತರವೂ ಇಲ್ಲ. ಉತ್ತರವೋ ಆಗಲೇ ಸಿದ್ಧವಾಗಿದ್ದಿತು: ಐದು ಲಕ್ಷಕ್ಕೂ ಮೀರಿದ ಮಕ್ಕಳ ವಿವರಗಳನ್ನು ಪರಿಶೀಲಿಸಿದ ಡೆನ್ಮಾರ್ಕಿನ ವಿದ್ವಾಂಸರು ಅಂಥ ನಂಟೇನೂ ಇಲ್ಲವೆಂದು 2002ರಲ್ಲಿಯೇ ಪ್ರಕಟಿಸಿದ್ದರು.

ಎರಡನೆಯ ದೋಷವೆಂದರೆ ಪರಾವಲಂಬನ. ಪತ್ರಿಕೆಯು ತನ್ನ ವಿವೇಚನೆಯನ್ನು ಹೇಳದೆ ಅನ್ಯರ ತೀರ್ಪಿನ ಊರುಗೋಲನ್ನು ಹಿಡಿಯಿತು. 2012ರಲ್ಲಿ ಉಚ್ಚ ನ್ಯಾಯಾಲಯವು ಸಹಲೇಖಕರಲ್ಲೊಬ್ಬರಾದ ಜಾನ್ ವಾಕರ್-ಸ್ಮಿತ್ತರ ಮೇಲಣ ತೀರ್ಪನ್ನು ರದ್ದುಮಾಡಿತು. ಇದರಿಂದ ವೇಕ್‌ಫೀಲ್ಡ್ ನಿರ್ದೋಷಿಯಾಗಲಿಲ್ಲ, ಪ್ರಬಂಧವೂ ಜೀವಿಸಲಿಲ್ಲ; ಆದರೂ ವಾದಪ್ರಿಯರಿಗೆ ಹಿಡಿಯಲೊಂದು ಎಳೆ ಸಿಕ್ಕಿತು. ಸೂಚನೆಯು ತನ್ನ ಕಾಲ ಮೇಲೆ ತಾನೇ ನಿಂತಿದ್ದರೆ ಆ ಎಳೆಯು ಸಿಗುತ್ತಿರಲಿಲ್ಲ.

ಇದೇ ಪತ್ರಿಕೆಯು 2020ರಲ್ಲಿ ನಡೆದುಕೊಂಡ ರೀತಿಯನ್ನು ಹೋಲಿಸಿ ನೋಡಬಹುದು. ಕೋವಿಡ್ ರೋಗಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡುವುದನ್ನು ಕುರಿತ, 96,000 ರೋಗಿಗಳ ದಾಖಲೆಯೆಂದು ಹೇಳಿಕೊಂಡ ಪ್ರಬಂಧವೊಂದು ಮೇ 22ರಂದು ಹೊರಬಂದಿತು. ಅದನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆಯು ಆ ಔಷಧದ ಪ್ರಯೋಗವನ್ನು ಕೆಲವು ದಿನ ನಿಲ್ಲಿಸಿತು. ನೂರಕ್ಕೂ ಹೆಚ್ಚು ಮಂದಿ ವಿದ್ವಾಂಸರು ಆಕ್ಷೇಪಿಸಿದರು. ಮೊದಲು ತಿದ್ದುಪಡಿ, ಬಳಿಕ ಸಂದೇಹಸೂಚನೆ, ಜೂನ್ 4ರಂದು ಹಿಂತೆಗೆತ: ಹದಿಮೂರೇ ದಿನಗಳಲ್ಲಿ ಮೂರು ಮೆಟ್ಟಿಲುಗಳೂ ಮುಗಿದವು. ಮೂಲ ದಾಖಲೆಗಳು ಪರಿಶೀಲನೆಗೆ ದೊರೆಯಲಿಲ್ಲವಾಗಿ ಅವುಗಳ ಸತ್ಯತೆಗೆ ತಾವು ಹೊಣೆಯಾಗಲಾರೆವೆಂದು ನಾಲ್ವರು ಲೇಖಕರಲ್ಲಿ ಮೂವರು ಹೇಳಿದರು. ಇಲ್ಲಿ ಕಾರಣವು ತಿರುಳಿಗೇ ಸಂಬಂಧಿಸಿದುದು, ಓದುವವನಿಗೆ ಸಂಶಯವುಳಿಯದು.

ಹಿಂತೆಗೆತವೆಂದರೆ ಅವಮಾನವೇ ಎಂದು ಭಾವಿಸಬೇಕಾಗಿಲ್ಲ. 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಫ್ರಾನ್ಸಿಸ್ ಅರ್ನಾಲ್ಡ್ ಎಂಬಾಕೆಯು 2020ರ ಮೊದಲಲ್ಲಿ ತನ್ನ ಇತ್ತೀಚಿನ ಪ್ರಬಂಧವೊಂದನ್ನು ಹಿಂತೆಗೆದುಕೊಂಡಳು. ಪ್ರಯೋಗವನ್ನು ಮರಳಿ ಮಾಡಿದಾಗ ಅದೇ ಫಲವು ಬರಲಿಲ್ಲವೆಂದು ತಾನೇ ಲೋಕಕ್ಕೆ ತಿಳಿಸಿ ಕ್ಷಮೆ ಬೇಡಿದಳು. ಇದರಿಂದ ಆಕೆಯ ಕೀರ್ತಿಗೆ ಕುಂದು ಬರಲಿಲ್ಲ.

ಒಳ್ಳೆಯ ಹಿಂತೆಗೆತದ ಲಕ್ಷಣವನ್ನು ಇದರಿಂದ ಸಂಗ್ರಹಿಸಬಹುದು. ಕೆಟ್ಟುದು ಯಾವುದು, ಕೆಟ್ಟುದು ಹೇಗೆ, ಹೇಳುವವರಾರು, ಉಳಿದುದೇನು ಎಂಬ ನಾಲ್ಕು ಮಾತುಗಳು ಅದರಲ್ಲಿರಬೇಕು. ಅದೂ ತಡವಿಲ್ಲದೆ ಬರಬೇಕು. ಹುಸಿಯಾದ ಪ್ರಬಂಧವು ಮನೆಮನೆಯನ್ನು ತಲಪಿದ ಮೇಲೆ ತಿದ್ದುಪಡಿಯು ವಿದ್ವಾಂಸರಿಗೆ ಮಾತ್ರ ತಿಳಿಯುವ ನುಡಿಯಲ್ಲಿದ್ದರೆ ಸಾಲದು. ಯಾರ ಮನಸ್ಸನ್ನು ಕಲಕಿದೆವೋ ಅವರಿಗೆ ಅರ್ಥವಾಗುವಂತೆ ತಿಳಿಹೇಳುವುದೇ ಪತ್ರಿಕೆಯ ಧರ್ಮ.